ಅಡಿಕೆ ತೋಟ ಕಾಡಾಗಿದ್ದು ಹೇಗೆ?

ಮಾನ್ಯ ಸಂಪಾದಕರೇ,

ಜಗತ್ತಿನ ಹಸಿರು ಹೊದಿಕೆಯನ್ನು ಉಪಗ್ರಹದಿಂದ ಅಳೆಯುವ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ಬೆಳೆಗಾರನಾಗಿ ಎರಡು ಮಾತು.

ಮೊನ್ನೆ ಊರಿಗೆ ಬಂದಿದ್ದ ಮಗಳು ಲ್ಯಾಪ್‌ಟಾಪಿನಲ್ಲಿ ನಮ್ಮ ಹೊಲವನ್ನೇ ಮೇಲಿಂದ ತೋರಿಸಿದಳು. ಅದು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ‘ವರ್ಲ್ಡ್‌ಕವರ್’ ನಕ್ಷೆ. ಸೆಂಟಿನೆಲ್ ಉಪಗ್ರಹಗಳ ಮಾಹಿತಿ ಇಟ್ಟುಕೊಂಡು ಭೂಮಿಯನ್ನು 10 ಮೀಟರ್ ಚೌಕಗಳಾಗಿ ಮಾಡಿ, ಮರ, ಹುಲ್ಲು, ಬೆಳೆ, ಕಟ್ಟಡ, ನೀರು ಅಂತ 11 ಬಗೆಯ ಬಣ್ಣ ಬಳಿದಿದ್ದಾರೆ. ನಮ್ಮ ಮೂರೆಕರೆ ತೋಟಕ್ಕೆ ಸಿಕ್ಕಿದ್ದು ಕಡುಹಸಿರು, ಅಂದರೆ ಮರ. “ಅಪ್ಪಾ, ಕಾಡು ಬೆಳೆಸಿದ್ದೀಯಲ್ಲ” ಅಂತ ನಕ್ಕಳು.

ನನಗೆ ನಗು ಬರಲಿಲ್ಲ. ನಮ್ಮಪ್ಪನ ಕಾಲಕ್ಕೆ ಅದು ಶೇಂಗಾ, ರಾಗಿ ಬೆಳೆಯುತ್ತಿದ್ದ ಕೆಮ್ಮಣ್ಣಿನ ಹೊಲ. ಬದುವಿನ ಮೇಲೆ ಎರಡು ಬೇವು, ಒಂದು ದೊಡ್ಡ ಹುಣಸೆ. ಅಡಿಕೆ ಸಸಿ ನೆಡುವಾಗ ಅಡ್ಡ ಅಂತ ಮೂರನ್ನೂ ಕಡಿಸಿದವನು ನಾನೇ. ಆಮೇಲೆ ನಾಲ್ಕು ಬೋರು ಕೊರೆಸಿದೆ, ಈಗ ನೀರು ಬರುವುದು ಒಂದರಲ್ಲಿ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿ ಉಳಿಸಿಕೊಂಡ ತೋಟ ಇದು. ಕಾಡಿಗೆ ಯಾರಾದರೂ ಟ್ಯಾಂಕರ್ ನೀರು ಹಾಕ್ತಾರಾ?

ನಕ್ಷೆ ಸುಳ್ಳು ಹೇಳಿಲ್ಲ ಬಿಡಿ. ನೆಟ್ಟು ಬೆಳೆಸಿದ ತೋಟವೂ ‘ಮರ’ದ ಲೆಕ್ಕಕ್ಕೇ ಬರುತ್ತೆ ಅಂತ ಅವರೇ ಬರೆದಿದ್ದಾರೆ. ಅದನ್ನು ‘ಕಾಡು’ ಅಂತ ಓದಿಕೊಳ್ಳುವವರು ನಾವು.

ಇನ್ನೊಂದು ತಮಾಷೆ. 2020ರ ನಕ್ಷೆಯಲ್ಲಿ ನಮ್ಮ ಕಣದ ಮೂಲೆ ಹುಲ್ಲು, 2021ರಲ್ಲಿ ಬೆಳೆ! ಅಲ್ಲಿ ನಾನು ಒಂದು ಕಾಳೂ ಬಿತ್ತಿಲ್ಲ. ಮಗಳು ಹುಡುಕಿ ನೋಡಿದಳು. ಎರಡನೇ ವರ್ಷ ಲೆಕ್ಕ ಹಾಕುವ ವಿಧಾನವನ್ನೇ ಬದಲಿಸಿದ್ದಾರಂತೆ. ಹಾಗಾಗಿ ಎರಡು ನಕ್ಷೆಗಳ ನಡುವಿನ ವ್ಯತ್ಯಾಸವೆಲ್ಲ ನೆಲದಲ್ಲಾದ ಬದಲಾವಣೆ ಅಲ್ಲ. ಇದನ್ನೂ ಅವರೇ ಹೇಳಿದ್ದಾರೆ.

ಕೆರೆ, ಜಲಾಶಯ ಮಾತ್ರ ಮೇಲಿಂದ ಚೆನ್ನಾಗಿ ಕಾಣುತ್ತವೆ. 1933ರ ನಂತರ 2022ರಲ್ಲಿ ಕೋಡಿ ಬಿದ್ದ ನಮ್ಮ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯದ ನೀರಿನ ಹರವನ್ನು ಮನೆಯಲ್ಲೇ ಕೂತು ನೋಡಬಹುದು. ಬತ್ತಿದ ಬೋರು ಯಾವ ಚೌಕದಲ್ಲೂ ಕಾಣಲ್ಲ.

ಹಳೇದು ನೋಡೋಣ ಅಂತ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರ ಹುಡುಕಿದೆವು. 1972ರಿಂದ ಆ ಉಪಗ್ರಹಗಳು ಒಂದಾದ ಮೇಲೊಂದು ಸುತ್ತುತ್ತಲೇ ಇವೆ. 2008ರಿಂದ ಚಿತ್ರಗಳು ಪುಕ್ಕಟೆ. ಎಂಬತ್ತರ ದಶಕದ ಒಂದರಲ್ಲಿ ನಮ್ಮ ಹೊಲ ಸಿಕ್ಕಿತು. ಹುಣಸೆ ಮರ ಹುಡುಕಿದೆ. ಒಂದೊಂದು ಚುಕ್ಕೆ ಅಂದರೆ 30 ಮೀಟರ್ ಜಾಗ. ಮರ ಎಲ್ಲೋ ಆ ಚುಕ್ಕೆಯೊಳಗೇ ಕರಗಿಹೋಗಿತ್ತು.

ಮುಂದೆ ಇಂಥ ನಕ್ಷೆ ಅಚ್ಚು ಹಾಕುವಾಗ ಯಾವ ಬಣ್ಣಕ್ಕೆ ಏನರ್ಥ, ಎರಡೂ ವರ್ಷ ಒಂದೇ ವಿಧಾನದಲ್ಲಿ ಮಾಡಿದ್ದಾ ಅಂತ ಕೆಳಗೆ ಎರಡು ಸಾಲು ಹಾಕಿ.

– ಒಬ್ಬ ಅಡಿಕೆ ಬೆಳೆಗಾರ, ಹೊಳಲ್ಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ