ಮಾಲೀಕರ ಮಗ್ ಬಂತು, ಷೇರು ಬರಲಿಲ್ಲ

ಮಾನ್ಯ ಸಂಪಾದಕರೇ,

ನೌಕರರಿಗೆ ಷೇರು ಕೊಡುವ ಇಸಾಪ್ ಯೋಜನೆಗಳ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಅದು ಬಹುಮಟ್ಟಿಗೆ ಸ್ಟಾರ್ಟಪ್‌ಗಳ ನೌಕರರು ಕೋಟ್ಯಧಿಪತಿಗಳಾದ ಕಥೆಯಾಗಿರುತ್ತದೆ. ವಿದೇಶಿ ಕಂಪನಿಗಳ ಬೆಂಗಳೂರು ಕಚೇರಿಗಳಲ್ಲಿ ದುಡಿಯುವವರು ಮೂಲ ಕಂಪನಿಯ ಯೋಜನೆಗೆ ಅರ್ಹರೋ ಅಲ್ಲವೋ ಎಂಬುದನ್ನು ಯಾರೂ ಕೇಳಿದಂತಿಲ್ಲ.

ನಾನು ವೈಟ್‌ಫೀಲ್ಡ್‌ನಲ್ಲಿ ಅಮೆರಿಕದ ಎಂಜಿನಿಯರಿಂಗ್ ಕಂಪನಿಯೊಂದರ ಅಂಗಸಂಸ್ಥೆಯಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಂಪನಿ ಪೂರ್ತಿಯಾಗಿ ನೌಕರರದ್ದೇ ಎಂದು ಅದರ ಲೆಟರ್‌ಹೆಡ್ ಹೇಳುತ್ತದೆ. ಅಮೆರಿಕದಲ್ಲಿ ಅಕ್ಟೋಬರ್ ನೌಕರ ಒಡೆತನದ ಮಾಸವಾದ್ದರಿಂದ ಆ ತಿಂಗಳು ಇಲ್ಲಿಯೂ ಕೇಕ್ ಕತ್ತರಿಸುತ್ತೇವೆ. ‘ನಾನೂ ಮಾಲೀಕ’ ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಕಾಫಿ ಮಗ್ಗನ್ನೂ ಕೊಡುತ್ತಾರೆ. ಕಳೆದ ಸಲ ಅದನ್ನು ಮನೆಗೆ ಒಯ್ದಾಗ ಪಿಯುಸಿ ಓದುತ್ತಿರುವ ಮಗಳು, “ಅಪ್ಪ, ನಿನ್ನ ಹೆಸರಲ್ಲಿ ಎಷ್ಟು ಷೇರಿದೆ?” ಎಂದಳು. ಒಂದೂ ಇಲ್ಲ. ಅಮೆರಿಕದ ನಿವಾಸಿಗಳಲ್ಲದ, ಅಲ್ಲಿನ ವರಮಾನವೂ ಇಲ್ಲದ ವಿದೇಶಿ ನೌಕರರಿಗೆ ಯೋಜನೆ ಅನ್ವಯಿಸದು ಎಂಬ ಒಂದು ಸಾಲು ಅದರ ದಾಖಲೆಯಲ್ಲಿದೆ. ಮಗ್ಗಿನಲ್ಲಿ ಈಗ ಪೆನ್ನುಗಳಿವೆ.

ಹೆಸರು ಒಂದೇ ಆಗಿರುವುದೂ ಗೊಂದಲಕ್ಕೆ ಕಾರಣ. ನಮ್ಮಲ್ಲಿ ಇಸಾಪ್ ಎಂದರೆ ಮೊದಲೇ ಗೊತ್ತುಮಾಡಿದ ಬೆಲೆಗೆ ಷೇರು ಕೊಳ್ಳುವ ಹಕ್ಕು. ಅಮೆರಿಕದ ಇಸಾಪ್ ಒಂದು ನಿವೃತ್ತಿ ಯೋಜನೆ. ಟ್ರಸ್ಟ್ ಷೇರುಗಳನ್ನು ಇಟ್ಟುಕೊಂಡು ನೌಕರರ ಖಾತೆಗಳಿಗೆ ಹಂಚುತ್ತದೆ, ನೌಕರ ಸಾಮಾನ್ಯವಾಗಿ ಕೈಯಿಂದ ಏನನ್ನೂ ಹಾಕುವುದಿಲ್ಲ. 1956ರಲ್ಲಿ ವಕೀಲ ಲೂಯಿಸ್ ಕೆಲ್ಸೊ ಇದನ್ನು ಮೊದಲು ರೂಪಿಸಿದ್ದು ಕ್ಯಾಲಿಫೋರ್ನಿಯಾದ ಪತ್ರಿಕಾ ಸಂಸ್ಥೆಯೊಂದರ ನೌಕರರಿಗಾಗಿ ಎಂಬುದು ತಮಗೆ ಆಸಕ್ತಿಯ ವಿಷಯವಾದೀತು. ಇದಕ್ಕೆ ತೆರಿಗೆ ರಿಯಾಯಿತಿ ಸಿಗಬೇಕಾದರೆ ಲಾಭ ದೊಡ್ಡ ಸಂಬಳದವರಿಗಷ್ಟೇ ಹೋಗುತ್ತಿಲ್ಲ ಎಂಬುದನ್ನು ಕಂಪನಿ ತೋರಿಸಬೇಕು. ಅಲ್ಲಿನ ತೆರಿಗೆ ಸಂಹಿತೆಯ 410ನೇ ಕಲಂ ಆ ಲೆಕ್ಕದಲ್ಲಿ ನಮ್ಮಂಥ ವಿದೇಶಿ ನೌಕರರನ್ನು ಪರಿಗಣಿಸುವುದಿಲ್ಲ. ಹಾಗಾಗಿ ಕಂಪನಿ ನಮ್ಮನ್ನು ಯೋಜನೆಯಿಂದ ಕೈಬಿಡಬಹುದು, ಆದರೆ ಕೈಬಿಡಲೇಬೇಕು ಎಂದು ಆ ಕಲಂ ಹೇಳುವುದಿಲ್ಲ. ನಮ್ಮ ಎಚ್‌ಆರ್ ವಿಭಾಗ ಮಾತ್ರ ‘ಕಾನೂನು ಬಿಡುವುದಿಲ್ಲ’ ಎಂದೇ ಹೇಳುತ್ತ ಬಂದಿದೆ.

ನಮ್ಮ ದೇಶದ ಕಾನೂನು ಇದಕ್ಕಿಂತ ಉದಾರವಾಗಿದೆ. ಕಂಪನಿಗಳ ಷೇರು ಬಂಡವಾಳಕ್ಕೆ ಸಂಬಂಧಿಸಿದ 2014ರ ನಿಯಮಗಳಲ್ಲಿ 12ನೆಯದು ಭಾರತದಲ್ಲಿ ಅಥವಾ ಹೊರಗೆ ಕೆಲಸ ಮಾಡುವ ಕಾಯಂ ನೌಕರರನ್ನೂ, ಅಂಗಸಂಸ್ಥೆಗಳ ನೌಕರರನ್ನೂ ಒಂದೇ ವ್ಯಾಖ್ಯೆಯೊಳಗೆ ತರುತ್ತದೆ. ವಿದೇಶಿ ಕಂಪನಿಯೊಂದು ಎಲ್ಲ ದೇಶಗಳ ನೌಕರರಿಗೂ ಒಂದೇ ಬಗೆಯಲ್ಲಿ ಷೇರು ಕೊಡುವುದಾದರೆ ಇಲ್ಲಿಯವರು ಅದನ್ನು ಪಡೆಯಲು 2022ರ ಸಾಗರೋತ್ತರ ಹೂಡಿಕೆ ನಿಯಮಗಳೂ ಅಡ್ಡಿಯಾಗವು. ತೊಡಕೇ ಇಲ್ಲವೆಂದಲ್ಲ. ಷೇರು ಮಾರುವ ಮೊದಲೇ ಅದನ್ನು ಸಂಬಳದ ಭಾಗವೆಂದು ತೆರಿಗೆ ಕಟ್ಟಬೇಕಾಗುತ್ತದೆ, ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಬೇಕಾಗುತ್ತದೆ. ಅಷ್ಟು ರಗಳೆ ಬೇಡವೆನ್ನುವ ಕಂಪನಿ ಷೇರಿನ ಬೆಲೆ ಏರಿದ್ದಕ್ಕೆ ತಕ್ಕ ನಗದನ್ನಾದರೂ ಕೊಡಬಹುದು. ಅಂಥ ಯೋಜನೆಗಳು ಹೊಸವೇನಲ್ಲ.

ಅದೂ ಆಗದಿದ್ದರೆ, ಕೆಲಸಕ್ಕೆ ಸೇರುವವರಿಗೆ ಕೊಡುವ ಆಫರ್ ಲೆಟರ್‌ನಲ್ಲಿ ‘ಈ ಒಡೆತನ ಭಾರತದ ನೌಕರರಿಗೆ ಅನ್ವಯಿಸುವುದಿಲ್ಲ’ ಎಂದು ಸ್ಪಷ್ಟವಾಗಿ ಬರೆಯುವುದನ್ನು ಕಾರ್ಮಿಕ ಇಲಾಖೆ ಕಡ್ಡಾಯ ಮಾಡಲಿ. ನನಗೆ ಕೊಟ್ಟ ಹದಿನಾಲ್ಕು ಪುಟಗಳಲ್ಲಿ ಆ ಸಾಲು ಇರಲಿಲ್ಲ.

– ಒಬ್ಬ ಓದುಗ, ವೈಟ್‌ಫೀಲ್ಡ್, ಬೆಂಗಳೂರು