ಆ ಎಂಜಿನ್ ಕೈಕೊಟ್ಟಿರಲಿಲ್ಲ

ಮಾನ್ಯ ಸಂಪಾದಕರೇ,

ಮೊದಲ ಮಹಾಯುದ್ಧದ ಕಾಲದ ಸಾಪ್‌ವಿತ್ ಕ್ಯಾಮೆಲ್ ಮಾದರಿಯ ಜೋಡಿರೆಕ್ಕೆಯ ವಿಮಾನವೊಂದನ್ನು ವಿದೇಶದ ಪ್ರದರ್ಶನದಲ್ಲಿ ಹಾರಿಸಿದ ಕುರಿತು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಬಂದ ಸಚಿತ್ರ ಬರಹವನ್ನು ಎರಡೆರಡು ಬಾರಿ ಓದಿದೆ. ಇಂಥ ವಿಷಯಕ್ಕೆ ಅರ್ಧ ಪುಟ ಕೊಟ್ಟಿದ್ದಕ್ಕೆ ನಾನು ಕೃತಜ್ಞ. ಆದರೆ ಅದರಲ್ಲಿದ್ದ ಎರಡು ಮಾತುಗಳನ್ನು ತಿದ್ದದೆ ಬಿಟ್ಟರೆ, ಜೀವನದ ಬಹುಭಾಗವನ್ನು ವಿಮಾನದ ಎಂಜಿನ್‌ಗಳ ಜೊತೆ ಕಳೆದ ನನ್ನಂಥವನು ಕರ್ತವ್ಯಕ್ಕೆ ತಪ್ಪಿದಂತಾಗುತ್ತದೆ. ಚಿತ್ರದ ಅಡಿಬರಹದಲ್ಲಿ, ಗಟ್ಟಿಮುಟ್ಟಾದ ಸಹಾಯಕನೊಬ್ಬ ಪ್ರೊಪೆಲ್ಲರನ್ನು ಬಲವಾಗಿ ಎಳೆದು ಎಂಜಿನ್ ಚಾಲೂ ಮಾಡುತ್ತಾನೆ ಎಂದಿತ್ತು. ಬರಹದ ಕೊನೆಯಲ್ಲಿ, ವಿಮಾನ ಇಳಿಯುವಾಗ ಮುದಿ ಎಂಜಿನ್ ಮತ್ತೆ ಮತ್ತೆ ಕೈಕೊಡುತ್ತಿದ್ದರೂ ಪೈಲಟ್ ಧೈರ್ಯಗೆಡದೆ ನೆಲ ಮುಟ್ಟಿಸಿದರು ಎಂದಿತ್ತು. ಆ ಸಹಾಯಕನ ಕೆಲಸ ಬಲದ್ದಲ್ಲ, ಆ ಎಂಜಿನ್ ಕೈಕೊಟ್ಟದ್ದೂ ಅಲ್ಲ.

ಎರಡನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಕ್ಯಾಮೆಲ್ ವಿಮಾನಕ್ಕೆ ಹೆಚ್ಚಾಗಿ ಜೋಡಿಸುತ್ತಿದ್ದ 130 ಅಶ್ವಶಕ್ತಿಯ ಕ್ಲೆರ್ಜೆ ಎಂಜಿನ್ ಆಗಲಿ, ಅದೇ ಕಾಲದ ಲ ರೋನ್ ಮತ್ತು ನೋಮ್ ಎಂಜಿನ್‌ಗಳಾಗಲಿ ರೋಟರಿ ಎಂಬ ಜಾತಿಗೆ ಸೇರಿದವು. ನಮ್ಮ ಕಾರು, ಬೈಕುಗಳಲ್ಲಿ ಸಿಲಿಂಡರ್‌ಗಳು ನಿಂತಲ್ಲೇ ಇದ್ದು ಒಳಗಿನ ಕ್ರ್ಯಾಂಕ್‌ಶಾಫ್ಟ್ ಎಂಬ ದಂಡ ತಿರುಗುತ್ತದೆ. ರೋಟರಿಯಲ್ಲಿ ಇದು ತಿರುಗುಮುರುಗು: ಕ್ರ್ಯಾಂಕ್‌ಶಾಫ್ಟನ್ನು ವಿಮಾನದ ಒಡಲಿಗೆ ಅಲುಗಾಡದಂತೆ ಬಿಗಿದಿರುತ್ತಾರೆ, ಅದರ ಸುತ್ತ ಒಂಬತ್ತು ಸಿಲಿಂಡರ್‌ಗಳ ಇಡೀ ಚಕ್ರವೇ ಪ್ರೊಪೆಲ್ಲರಿನೊಂದಿಗೆ ನಿಮಿಷಕ್ಕೆ ಸುಮಾರು 1,250 ಸುತ್ತು ಹಾಕುತ್ತದೆ. ಹೀಗೆ ಮಾಡಿದ್ದಕ್ಕೆ ಕಾರಣವಿತ್ತು. ಆಗಿನ ವಿಮಾನಗಳ ವೇಗ ಕಡಿಮೆ. ನಿಂತ ಸಿಲಿಂಡರನ್ನು ತಂಪಾಗಿಡುವಷ್ಟು ಗಾಳಿ ಅದಕ್ಕೆ ತಾಗುತ್ತಿರಲಿಲ್ಲ. ಸಿಲಿಂಡರುಗಳೇ ತಿರುಗಿದರೆ ಗಾಳಿಯನ್ನು ತಾವೇ ಸೀಳಿಕೊಂಡು ತಣಿಯುತ್ತವೆ, ತಿರುಗಾಟವನ್ನು ಏಕರೀತಿಯಾಗಿಡುವ ಪ್ರತ್ಯೇಕ ಭಾರಚಕ್ರದ ಅಗತ್ಯವೂ ಇರುವುದಿಲ್ಲ, ನೀರಿನ ತೊಟ್ಟಿ ಮತ್ತು ರೇಡಿಯೇಟರಿನ ತೂಕವೂ ಉಳಿಯುತ್ತದೆ. ಫ್ರಾನ್ಸಿನ ಸೆಗೆನ್ ಸಹೋದರರು ಈ ಯೋಚನೆಯನ್ನು ನೋಮ್ ಎಂಜಿನ್ ಮೂಲಕ ಹಾರುವ ಸ್ಥಿತಿಗೆ ತಂದ ಮೇಲೆ ಯುದ್ಧದ ಎರಡೂ ಬದಿಯವರು ಇದನ್ನೇ ನೆಚ್ಚಿಕೊಂಡರು.

ಆದರೆ ಈ ಎಂಜಿನ್ನಿನ ವೇಗವನ್ನು ಕಾರಿನ ಹಾಗೆ ಕಾಲಲ್ಲಿ ಒತ್ತಿ ಬಿಟ್ಟು ನಯವಾಗಿ ಏರಿಸಿ ಇಳಿಸಲು ಬರುವುದಿಲ್ಲ. ಕ್ಯಾಮೆಲ್ ಪೈಲಟ್ಟಿನ ಎಡಗೈಯ ಬಳಿ ಎರಡು ಸನ್ನೆಕೋಲುಗಳಿರುತ್ತವೆ. ಒಂದು ಗಾಳಿಯದು, ಇನ್ನೊಂದು ಪೆಟ್ರೋಲಿನದು. ಎರಡರ ಹದವನ್ನು ಆತನೇ ಕಿವಿಯಿಂದ ಕೇಳಿ ಕೂಡಿಸಬೇಕು. ಆ ಹದದ ವ್ಯಾಪ್ತಿಯೂ ಕಿರಿದು. ಹಾಗಾಗಿ ಇಳಿಯುವ ಹೊತ್ತಿಗೆ ಶಕ್ತಿಯನ್ನು ತಗ್ಗಿಸಲು ಬೇರೊಂದು ಉಪಾಯ ಮಾಡಿದ್ದರು. ಚಾಲನಾ ದಂಡದ ತುದಿಯಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದಷ್ಟು ಹೊತ್ತು ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಕಡಿತವಾಗುತ್ತದೆ. ಎಂಜಿನ್ ಉರಿಯುವುದನ್ನು ನಿಲ್ಲಿಸುತ್ತದೆ, ಆದರೆ ನೂರು ಕಿಲೋ ಮೀರಿದ ಲೋಹದ ಚಕ್ರವೂ ಎದುರುಗಾಳಿಯೂ ಅದನ್ನು ತಿರುಗಿಸುತ್ತಲೇ ಇರುತ್ತವೆ. ಗುಂಡಿ ಬಿಟ್ಟೊಡನೆ ಮತ್ತೆ ಗರ್ಜಿಸುತ್ತದೆ. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ನಿಮ್ಮ ವರದಿಗಾರರು ಕೇಳಿದ ನಿಂತು ನಿಂತು ಬರುವ ಸದ್ದು ಇದೇ. ನುರಿತ ಪೈಲಟ್ ಮಾತ್ರ ಹಾಗೆ ಇಳಿಸಬಲ್ಲ. ಗುಂಡಿಯನ್ನು ಒಮ್ಮೆಗೇ ಬಹಳ ಹೊತ್ತು ಒತ್ತಿ ಹಿಡಿದರೆ ಪೆಟ್ರೋಲ್ ಮಾತ್ರ ಹರಿಯುತ್ತಲೇ ಇದ್ದು, ಉರಿಯದ ಮಿಶ್ರಣ ಎಂಜಿನ್ನಿನ ಹೊರಕವಚದೊಳಗೆ ತುಂಬಿಕೊಳ್ಳುತ್ತದೆ. ಆಮೇಲೆ ಗುಂಡಿ ಬಿಟ್ಟಾಗ ಹೊರಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯ ನಿಜವಾದದ್ದು. ಆದ್ದರಿಂದಲೇ ಆ ತುಂಡು ತುಂಡು ಲಯ. ಬಟ್ಟೆ ಹೊದಿಸಿದ ಮರದ ವಿಮಾನದಲ್ಲಿ ಕುಳಿತವನಿಗೆ ಆ ಲಯ ತಪ್ಪಿಸುವ ಸ್ವಾತಂತ್ರ್ಯವಿಲ್ಲ.

ಇನ್ನು ಪ್ರೊಪೆಲ್ಲರಿನ ಮುಂದೆ ನಿಂತವರ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯಲು ಅನುಮತಿ ಬೇಡುತ್ತೇನೆ, ಏಕೆಂದರೆ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಆ ಅಡಿಬರಹವೇ.

ರೋಟರಿ ಎಂಜಿನ್ ಚಾಲೂ ಮಾಡುವ ಕೆಲಸ ಪ್ರೊಪೆಲ್ಲರ್ ಎಳೆಯುವುದಕ್ಕೆ ಬಹಳ ಮುಂಚೆಯೇ ಶುರುವಾಗುತ್ತದೆ. ಚಕ್ರಗಳ ಮುಂದೆ ಮರದ ಅಡ್ಡಗಟ್ಟೆ ಇಡುತ್ತಾರೆ, ಬಾಲವನ್ನು ಒಂದಿಬ್ಬರು ಹಿಡಿದುಕೊಳ್ಳುತ್ತಾರೆ. ಆ ವಿಮಾನಕ್ಕೆ ಬ್ರೇಕೇ ಇಲ್ಲ. ಬಳಿಕ ಸ್ವಿಚ್ ಆಫ್ ಆಗಿದೆಯೆಂದು ಬಾಯಿಬಿಟ್ಟು ಕೇಳಿ, ಪೈಲಟ್ ಬಾಯಿಬಿಟ್ಟು ಉತ್ತರಿಸಿದ ಮೇಲೆಯೇ ಪ್ರೊಪೆಲ್ಲರನ್ನು ಮೆಲ್ಲಗೆ ಕೈಯಲ್ಲಿ ತಿರುಗಿಸಿ ನೋಡುತ್ತಾರೆ. ನಿಂತಿದ್ದ ಎಂಜಿನ್ನಿನ ಕೆಳಗಿನ ಸಿಲಿಂಡರ್‌ಗಳಿಗೆ ಎಣ್ಣೆಯೋ ಪೆಟ್ರೋಲೋ ಇಳಿದು ತುಂಬಿಕೊಂಡಿರಬಹುದು. ದ್ರವವನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗದು. ಆ ಸ್ಥಿತಿಯಲ್ಲಿ ಎಂಜಿನ್ ಹೊತ್ತಿಕೊಂಡರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ ಇಲ್ಲವೇ ಸಿಲಿಂಡರ್ ಒಡೆಯುತ್ತದೆ. ತಿರುಗಿಸುವ ಕೈಗೆ ಅಸಹಜ ಬಿಗಿತ ತಿಳಿದರೆ ಅಲ್ಲಿಗೇ ನಿಲ್ಲಿಸಬೇಕು. ಇಲ್ಲಿ ಬಲ ಹಾಕುವವನು ಎಂಜಿನ್ ಕೆಡಿಸುತ್ತಾನೆ. ಅನಂತರ ಸಿಲಿಂಡರಿನ ತಲೆಯ ಮೇಲಿನ ಕವಾಟದ ಮೂಲಕ ಸಿರಿಂಜಿನಿಂದ ಸ್ವಲ್ಪ ಸ್ವಲ್ಪ ಪೆಟ್ರೋಲ್ ಹಾಕುತ್ತಾರೆ. ಚಳಿಯಲ್ಲಿ ಎಷ್ಟು, ಸೆಕೆಯಲ್ಲಿ ಎಷ್ಟು, ಈಗಷ್ಟೇ ನಿಂತ ಬಿಸಿ ಎಂಜಿನ್ನಿಗೆ ಎಷ್ಟು ಎಂಬುದು ಅಭ್ಯಾಸದಿಂದಲೇ ಬರುವ ಅಂದಾಜು.

ಆಮೇಲೆ ಬರುವುದು ಆ ಪ್ರಸಿದ್ಧ ಕೂಗು. ಕೆಳಗಿನವನು 'ಕಾಂಟ್ಯಾಕ್ಟ್' ಎನ್ನುತ್ತಾನೆ. ಪೈಲಟ್ ಅದೇ ಮಾತನ್ನು ತಿರುಗಿ ಹೇಳಿ, ಹೇಳಿದ ಮೇಲಷ್ಟೇ ಸ್ವಿಚ್ ಹಾಕುತ್ತಾನೆ. ಪ್ರೊಪೆಲ್ಲರಿನ ಅಂಚಿಗೆ ಬೆರಳು ಕೊಕ್ಕೆಯಂತೆ ಹಾಕಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಬೆರಳು ಹೋಗುತ್ತದೆ. ಅಂಗೈಯನ್ನು ಚಪ್ಪಟೆಯಾಗಿಟ್ಟು ಕೆಳಕ್ಕೆ ಎಳೆಯಬೇಕು. ಎಳೆಯುವ ಚಲನೆಯೇ ದೇಹವನ್ನು ಪ್ರೊಪೆಲ್ಲರಿನಿಂದ ದೂರಕ್ಕೆ ಒಯ್ಯುವಂತಿರಬೇಕು. ಒದ್ದೆ ಹುಲ್ಲಿನ ಮೇಲೆ ನಿಲ್ಲಬಾರದು, ಜೋಲುವ ಬಟ್ಟೆ ತೊಡಬಾರದು. ರೋಟರಿ ಎಂಜಿನ್ನಿನಲ್ಲಿ ಸಿಲಿಂಡರಿನೊಳಗಿನ ಒತ್ತಡ ಈಗಿನ ಎಂಜಿನ್‌ಗಳಿಗಿಂತ ಕಡಿಮೆಯಾದ್ದರಿಂದ, ಹದ ಸರಿಯಿದ್ದರೆ ಸಾಮಾನ್ಯ ಮೈಕಟ್ಟಿನವರೂ ಒಂದೇ ಎಳೆತಕ್ಕೆ ಅದನ್ನು ಎಬ್ಬಿಸಬಲ್ಲರು. ಬಲವೇ ಬೇಕಾದ ದೊಡ್ಡ ಎಂಜಿನ್‌ಗಳಿಗೆ ಯುದ್ಧಕಾಲದಲ್ಲಿಯೇ ಬೇರೆ ಉಪಾಯ ಹುಡುಕಿದ್ದರು. ಬೆಂಟ್‌ಫೀಲ್ಡ್ ಹಕ್ಸ್ ಎಂಬ ಬ್ರಿಟಿಷ್ ಪೈಲಟ್, ಫೋರ್ಡ್ ಮಾಡೆಲ್ ಟಿ ಗಾಡಿಯ ಮೇಲೆ ಉದ್ದನೆಯ ದಂಡವೊಂದನ್ನು ಕೂರಿಸಿ, ಗಾಡಿಯ ಎಂಜಿನ್ನಿನ ಶಕ್ತಿಯಿಂದಲೇ ಪ್ರೊಪೆಲ್ಲರನ್ನು ತಿರುಗಿಸುವ ವ್ಯವಸ್ಥೆ ಮಾಡಿದರು. ಅಂಥದೊಂದು ಗಾಡಿ ಇಂಗ್ಲೆಂಡಿನ ಓಲ್ಡ್ ವಾರ್ಡನ್‌ನಲ್ಲಿರುವ, ಹಳೆಯ ವಿಮಾನಗಳ ಶಟಲ್‌ವರ್ತ್ ಸಂಗ್ರಹದಲ್ಲಿದೆ.

ಸ್ವಿಚ್ಚಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮನೆಯ ದೀಪದ ಸ್ವಿಚ್ ಆಫ್ ಮಾಡಿದರೆ ತಂತಿ ಕಡಿದುಕೊಳ್ಳುತ್ತದೆ. ಎಂಜಿನ್ ತಿರುಗುವಾಗ ಕಿಡಿಗೆ ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸುವ ಮ್ಯಾಗ್ನೆಟೋ ಎಂಬ ಸಾಧನದ ಸ್ವಿಚ್ಚಿನಲ್ಲಿ ಆಫ್ ಎಂದರೆ ತಂತಿ ಕೂಡಿಕೊಳ್ಳುವುದು. ಮ್ಯಾಗ್ನೆಟೋದ ವಿದ್ಯುತ್ತನ್ನು ಎಂಜಿನ್ನಿನ ಲೋಹಕ್ಕೆ ಹರಿಯಬಿಟ್ಟು ಅದನ್ನು ನಿಸ್ತೇಜಗೊಳಿಸುವುದು. ಆ ತಂತಿ ಎಲ್ಲೋ ತುಂಡಾಗಿದ್ದರೆ ಸ್ವಿಚ್ ಆಫ್ ತೋರಿಸುತ್ತಿದ್ದರೂ ಮ್ಯಾಗ್ನೆಟೋ ಜೀವಂತವಾಗಿಯೇ ಇರುತ್ತದೆ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಟೈಗರ್ ಮಾತ್ ತರಬೇತಿ ವಿಮಾನವೊಂದರ ಪ್ರೊಪೆಲ್ಲರನ್ನು ಎಲ್ಲ ಸ್ವಿಚ್ ಆಫ್ ಇದೆಯೆಂಬ ಉತ್ತರ ಕೇಳಿಯೇ ತಿರುಗಿಸುತ್ತಿದ್ದೆ. ಮೂರನೆಯ ಸುತ್ತಿಗೆ ಎಂಜಿನ್ ಒಮ್ಮೆ ಸಿಡಿದು ಅರ್ಧ ಸುತ್ತು ಹಾಕಿತು. ನನಗೆ ಕಲಿಸುತ್ತಿದ್ದ ಹಿರಿಯರು, ಪ್ರೊಪೆಲ್ಲರ್ ಯಾವಾಗಲೂ ಬದುಕಿದೆಯೆಂದೇ ತಿಳಿದು ನಿಲ್ಲು ಎಂದು ಗದರಿಸಿ ಕಲಿಸಿದ್ದರಿಂದ ನನ್ನ ಕೈ ಅಂಚಿನ ಮೇಲಿರಲಿಲ್ಲ, ಕಾಲು ಹಿಂದಿತ್ತು. ಬಿಚ್ಚಿ ನೋಡಿದಾಗ ಭೂಸಂಪರ್ಕದ ತಂತಿ ಉಜ್ಜಿ ಉಜ್ಜಿ ತುಂಡಾಗಿತ್ತು. ಆ ಹಿರಿಯರು ಈಗಿಲ್ಲ. ನನ್ನ ಎರಡು ಕೈಗಳೂ ಇವೆ.

ಎಂಜಿನ್ ಎದ್ದ ಮೇಲಿನ ಮೊದಲ ಅರ್ಧ ನಿಮಿಷ ರೋಟರಿಯಲ್ಲಿ ಎಲ್ಲಕ್ಕಿಂತ ಕಠಿಣ. ಸಿರಿಂಜಿನಲ್ಲಿ ಹಾಕಿದ ಪೆಟ್ರೋಲ್ ಕ್ಷಣದಲ್ಲಿ ಮುಗಿಯುತ್ತದೆ. ಸನ್ನೆಕೋಲಿನಿಂದ ಬಿಟ್ಟ ಪೆಟ್ರೋಲ್ ಟೊಳ್ಳಾದ ಕ್ರ್ಯಾಂಕ್‌ಶಾಫ್ಟಿನ ಮೂಲಕ ಎಂಜಿನ್ನಿನ ನಡುವಿಗೆ ಬಂದು, ಅಲ್ಲಿಂದ ಸಿಲಿಂಡರ್ ಸೇರುವುದಕ್ಕೆ ಕೆಲವು ಸೆಕೆಂಡು ಹಿಡಿಯುತ್ತದೆ. ಅಂದರೆ ಪೈಲಟ್ ಈಗ ಮಾಡಿದ ತಪ್ಪಿನ ಫಲ ಆಮೇಲೆ ಗೊತ್ತಾಗುತ್ತದೆ. ಎಂಜಿನ್ ಸೊರಗಿತೆಂದು ಗಾಬರಿಯಿಂದ ಇನ್ನಷ್ಟು ಪೆಟ್ರೋಲ್ ಬಿಟ್ಟರೆ ಅದು ಉಸಿರುಕಟ್ಟಿ ನಿಲ್ಲುತ್ತದೆ. ಪೆಟ್ರೋಲ್ ಮುಚ್ಚಿ, ಒಳಗಿದ್ದದ್ದು ಖಾಲಿಯಾಗುವವರೆಗೆ ಕಾದು, ಮತ್ತೆ ಮೆಲ್ಲಗೆ ಬಿಡುವ ತಾಳ್ಮೆ ಬೇಕು. ನೆಲದ ಮೇಲೆ ಇದು ಕಿರಿಕಿರಿಯಷ್ಟೇ. ಆದರೆ ಕ್ಯಾಮೆಲ್ ನೆಲಬಿಟ್ಟ ಕೂಡಲೇ ಪೆಟ್ರೋಲನ್ನು ತುಸು ತಗ್ಗಿಸಲು ಮರೆತು, ಎಂಜಿನ್ ನಿಂತು, ಪ್ರಾಣ ಕಳೆದುಕೊಂಡ ಹೊಸಬರು ಹಲವರು. ಭಾರತದಿಂದ ಹೋಗಿ ಪಶ್ಚಿಮ ರಣರಂಗದಲ್ಲಿ ಕ್ಯಾಮೆಲ್ ಹಾರಿಸಿದ ಹರ್ದಿತ್ ಸಿಂಗ್ ಮಲಿಕ್ ಇಂಥ ಎಂಜಿನ್ನಿನ ಹಿಂದೆಯೇ ಕುಳಿತು ಯುದ್ಧ ಮಾಡಿ ಬದುಕಿ ಬಂದವರು ಎಂಬುದನ್ನು ನಮ್ಮ ಓದುಗರು ತಿಳಿದಿರಲೆಂದು ಇಲ್ಲಿ ಸೇರಿಸುತ್ತಿದ್ದೇನೆ.

ಎಣ್ಣೆಯ ಮಾತೂ ಇಲ್ಲೇ ಬರಬೇಕು. ಪೆಟ್ರೋಲ್ ಮಿಶ್ರಣ ಎಂಜಿನ್ನಿನ ಒಡಲಿನ ಮೂಲಕವೇ ಹಾದುಹೋಗುವುದರಿಂದ, ಮಾಮೂಲಿ ಖನಿಜ ತೈಲ ಹಾಕಿದರೆ ಪೆಟ್ರೋಲ್ ಅದನ್ನು ತೊಳೆದುಬಿಡುತ್ತದೆ. ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ, ಬಿಸಿಗೂ ಜಾರು ಕಳೆದುಕೊಳ್ಳದ ಎಣ್ಣೆ ಬೇಕಿತ್ತು, ಅದು ಹರಳೆಣ್ಣೆ. ಒಮ್ಮೆ ಒಳಗೆ ಹೋದ ಎಣ್ಣೆ ಮರಳಿ ತೊಟ್ಟಿಗೆ ಬರುವುದಿಲ್ಲ, ಹೊಗೆಯ ಜೊತೆ ಹೊರಗೆ ಸಿಡಿದು ರೆಕ್ಕೆಯ ಮೇಲೂ ಪೈಲಟ್ಟಿನ ಕನ್ನಡಕದ ಮೇಲೂ ಕೂರುತ್ತದೆ. ಎಣ್ಣೆ ಹರಿಯುತ್ತಿದೆಯೇ ಎಂದು ತಿಳಿಯಲು ಕಾಕ್‌ಪಿಟ್ಟಿನಲ್ಲಿ ಒಂದು ಗಾಜಿನ ಬುರುಡೆ ಇರುತ್ತದೆ. ಪಂಪಿನ ಪ್ರತಿ ಬಡಿತಕ್ಕೂ ಅದರೊಳಗಿನ ಎಣ್ಣೆ ಏರಿಳಿಯುತ್ತದೆ. ಆ ನಾಡಿಮಿಡಿತ ಕಾಣದಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ನಿಲ್ಲಿಸಲೇಬೇಕು.

ಇಂಥ ಎಂಜಿನ್‌ಗಳನ್ನು ಓಡಿಸದೆ ಗಾಜಿನ ಹಿಂದೆ ಇಡುವುದೇ ಲೇಸು ಎಂದೂ ಆ ಬರಹದಲ್ಲಿ ಸೂಚಿಸಲಾಗಿತ್ತು. ಈ ಅಭಿಪ್ರಾಯಕ್ಕೆ ನನ್ನ ಗೌರವವಿದೆ. ಜಗತ್ತಿನಲ್ಲಿ ಒಂದೇ ಉಳಿದಿರುವ ಎಂಜಿನ್ನಾದರೆ ಅದನ್ನು ಮುಟ್ಟದಿರುವುದೇ ಸರಿ. ನೋಮ್ ಎಂಜಿನ್ನಿನ ಸಿಲಿಂಡರ್ ಗೋಡೆಯ ದಪ್ಪ ಸುಮಾರು 1.5 ಮಿಲಿಮೀಟರ್ ಮಾತ್ರ; ಗಟ್ಟಿ ಉಕ್ಕಿನ ದಿಮ್ಮಿಯಿಂದ ಕಡೆದು ಅಷ್ಟು ತೆಳ್ಳಗೆ ಮಾಡಿದ್ದು. ಅದರ ಆಯಸ್ಸನ್ನು ಗಂಟೆಗಳಲ್ಲಿ ಎಣಿಸಬೇಕು. ಆದರೆ ಓಡದೆ ಬಿಟ್ಟ ಹರಳೆಣ್ಣೆಯ ಎಂಜಿನ್ನೂ ಕ್ಷೇಮವಾಗಿರುವುದಿಲ್ಲ. ಉಳಿದ ಎಣ್ಣೆ ಅಂಟಾಗಿ ಗಟ್ಟಿಯಾಗುತ್ತದೆ, ಕವಾಟಗಳು ಕಚ್ಚಿಕೊಳ್ಳುತ್ತವೆ, ತೆಳ್ಳನೆಯ ಗೋಡೆಗೆ ತುಕ್ಕು ಹತ್ತುತ್ತದೆ. ಲೋಹವನ್ನಾದರೂ ಮತ್ತೆ ಮಾಡಬಹುದು. ನ್ಯೂಜಿಲೆಂಡಿನ ಬ್ಲೆನ್ಹೈಮ್‌ನಲ್ಲಿ 100 ಅಶ್ವಶಕ್ತಿಯ ನೋಮ್ ಎಂಜಿನ್‌ಗಳನ್ನು ಹೊಸದಾಗಿಯೇ ತಯಾರಿಸಿ ಹಾರಿಸಿದ್ದಾರೆ. ಆದರೆ ಎಷ್ಟು ಪೆಟ್ರೋಲ್ ಹಾಕಬೇಕು, ಯಾವ ಬಿಗಿತಕ್ಕೆ ಕೈ ತೆಗೆಯಬೇಕು, ಎಂಜಿನ್ ಸೊರಗುವ ಸದ್ದಿಗೂ ಉಸಿರುಕಟ್ಟುವ ಸದ್ದಿಗೂ ಏನು ವ್ಯತ್ಯಾಸ ಎಂಬ ತಿಳಿವಳಿಕೆಯನ್ನು ಯಾವ ಕಾರ್ಖಾನೆಯೂ ತಯಾರಿಸಲಾರದು. ಕೈಪಿಡಿಯಲ್ಲಿ ಓದಿ ನನಗೆ ಅರ್ಥವಾಗದೇ ಉಳಿದಿದ್ದನ್ನು, ಓಲ್ಡ್ ವಾರ್ಡನ್‌ನಲ್ಲಿ ಒಂದು ಮಧ್ಯಾಹ್ನ ಬೇಲಿಯ ಈಚೆ ನಿಂತು ರೋಟರಿ ಎಂಜಿನ್ನೊಂದು ಎದ್ದದ್ದನ್ನು ನೋಡಿದಾಗ ಅರ್ಥಮಾಡಿಕೊಂಡೆ. ಅಲ್ಲಿ ಪ್ರೊಪೆಲ್ಲರ್ ತಿರುಗಿಸಿದವರು ನನ್ನಷ್ಟೇ ವಯಸ್ಸಾದ, ತೆಳ್ಳನೆಯ ವ್ಯಕ್ತಿ. ಪಕ್ಕದಲ್ಲಿ ಒಬ್ಬ ಹುಡುಗಿ ನಿಂತು ಅವರ ಪಾದಗಳನ್ನೇ ನೋಡುತ್ತಿದ್ದಳು. ಎರಡನೆಯ ವಿಮಾನಕ್ಕೆ ಅವಳೇ ಮುಂದೆ ಬಂದಳು.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿಗಳಿವೆ. ಎಂಜಿನ್ ಕೈಕೊಟ್ಟಿತೆಂಬ ಮಾತಿಗೆ ಒಂದು ಸಣ್ಣ ತಿದ್ದುಪಡಿ ಪ್ರಕಟಿಸಬೇಕು. ಮುಂದೆ ಇಂಥ ಚಿತ್ರ ಹಾಕುವಾಗ ಕಾಕ್‌ಪಿಟ್ಟಿನಲ್ಲಿ ಕುಳಿತವರ ಹೆಸರಿನ ಜೊತೆಗೆ, ಪ್ರೊಪೆಲ್ಲರಿನ ಮುಂದೆ ನಿಂತವರ ಹೆಸರನ್ನೂ ಕೇಳಿ ತಿಳಿದು ಅಚ್ಚು ಮಾಡಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಮಾನ ಮೆಕ್ಯಾನಿಕ್