ಅಮ್ಮನ ಲ್ಯಾಪ್‌ಟಾಪ್ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನಿನ್ನೆ ರಾತ್ರಿ ಓದಿದೆ. ಅಮ್ಮ ಸಾಗರದಲ್ಲಿ ಒಬ್ಬರೇ, ನೀನು ದುಬೈಯಲ್ಲಿ. ಲ್ಯಾಪ್‌ಟಾಪ್ ಕೆಟ್ಟರೆ ದೂರದಿಂದಲೇ ಸರಿ ಮಾಡಿಕೊಡುವ ನಂಬಿಕಸ್ತರು ಯಾರಾದರೂ ಇದ್ದಾರಾ ಅಂತ ಕೇಳಿದ್ದೀಯ. ಎರಡು ಸಾಲಲ್ಲಿ ಬರೆದು ಮುಗಿಸೋಣ ಅಂತ ಕೂತೆ, ಆಗಲಿಲ್ಲ. ರಿಪ್ಪನ್‌ಪೇಟೆ ಮಾವನ ಮನೆಯಲ್ಲಿ ಆಗಿದ್ದನ್ನು ಮೊದಲು ಹೇಳಬೇಕು. ಮಾವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ನಾಲ್ಕು ಜನಕ್ಕೆ ಗೊತ್ತಾಗಲಿ" ಅಂದರು.

ಮಾವ ಮೇಷ್ಟ್ರಾಗಿದ್ದವರು, ನಿನಗೆ ಗೊತ್ತಲ್ಲ. ನಿವೃತ್ತಿಯಾದ ಮೇಲೆ ಲ್ಯಾಪ್‌ಟಾಪ್ ಕಲಿತರು. ಅಡಿಕೆ ಧಾರಣೆ ನೋಡುತ್ತಾರೆ, ತೋಟದ ಲೆಕ್ಕ ಬರೆಯುತ್ತಾರೆ, ರಾತ್ರಿ ಅತ್ತೆಯ ಜೊತೆ ಯಕ್ಷಗಾನ ನೋಡುತ್ತಾರೆ. ಕಳೆದ ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಜೋರು ಗುಡುಗು ಸಿಡಿಲು. ಮೋಡೆಮ್ ಸುಟ್ಟುಹೋಯಿತು. ಮಾರನೇ ದಿನ ಮಾವ ಮೊಬೈಲಿನಲ್ಲಿ ಇಂಟರ್ನೆಟ್ ಕಂಪನಿಯ ಸಹಾಯವಾಣಿ ನಂಬರ್ ಹುಡುಕಿದರು. ಮೇಲೆ ಕಂಡ ನಂಬರಿಗೆ ಫೋನ್ ಮಾಡಿದರು. ಅದು ಕಂಪನಿಯದ್ದೇ ಅಲ್ಲ.

ಆ ಕಡೆಯವನು ತುಂಬಾ ಮರ್ಯಾದೆಯಿಂದ ಮಾತಾಡಿದನಂತೆ. "ಸರ್, ದೂರು ದಾಖಲಿಸಲು 10 ರೂಪಾಯಿ ಕಟ್ಟಿ ಸಾಕು" ಅಂದ. ಅದಕ್ಕೂ ಮೊದಲು ಮೊಬೈಲಿಗೆ ಒಂದು ಆ್ಯಪ್ ಹಾಕಿಸಿದ. ಮಾವನ ಫೋನಿನ ಪರದೆ ಅವನಿಗೂ ಕಾಣುವಂಥ ಆ್ಯಪ್. ಮಾವ 10 ರೂಪಾಯಿ ಕಟ್ಟಿದರು. ಅವರು ಒತ್ತಿದ್ದು, ಬಂದ ಒಟಿಪಿ, ಎಲ್ಲವನ್ನೂ ಅವನು ಅಲ್ಲಿ ಕೂತು ನೋಡಿದ. ಅರ್ಧ ಗಂಟೆಯೊಳಗೆ ಎರಡು ಸಲಕ್ಕೆ 38,000 ರೂಪಾಯಿ ಹೋಯಿತು.

ಮಾರಾಯ, ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ನೋವು ಬೇರೆಯದು. ಮಾವ ಅದನ್ನು 11 ದಿನ ಯಾರಿಗೂ ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ. ಊಟ ಸರಿಯಾಗಿ ಮಾಡ್ತಿಲ್ಲ ಅಂತ ಅತ್ತೆ ನನಗೆ ಫೋನ್ ಮಾಡಿದಾಗ ವಿಷಯ ಹೊರಗೆ ಬಂತು. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ಅದು ಹೋಗಿ ಸೇರಿದ ಖಾತೆಯಲ್ಲೇ ತಡೆಹಿಡಿಸುವ ಅವಕಾಶ ಇತ್ತು. ಆ ಸಹಾಯವಾಣಿ ಇರುವುದೇ ಅದಕ್ಕೆ. 11 ದಿನದ ಮೇಲೆ ಅಲ್ಲಿ ಏನು ಉಳಿದಿರುತ್ತದೆ ಹೇಳು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ದೂರು ಕೊಡಿಸಿದೆ. ದುಡ್ಡು ಬರಲಿಲ್ಲ.

ನನಗೆ ಯಾಕೆ ಹೇಳಲಿಲ್ಲ ಅಂತ ಬಸ್ಸಿನಲ್ಲಿ ಕೇಳಿದೆ. ಮಾವ ಕಿಟಕಿ ಕಡೆ ನೋಡುತ್ತಾ, "ನೀನು ಬೈತೀಯ ಅಂತ" ಅಂದರು. ಅದಕ್ಕೂ ಎರಡು ತಿಂಗಳ ಮುಂಚೆ ಪಾಸ್‌ವರ್ಡ್ ಮರೆತರು ಅಂತ ಫೋನಿನಲ್ಲಿ ರೇಗಿದ್ದೆ. "ಎಷ್ಟು ಸಲ ಹೇಳೋದು ಮಾವ" ಅಂದಿದ್ದೆ. ನನಗೆ ಮರೆತೇ ಹೋಗಿತ್ತು. ಅವರಿಗೆ ಮರೆತಿರಲಿಲ್ಲ. ಗೆಳೆಯಾ, ನೀನು ನಂಬಿಕಸ್ತರನ್ನು ಹುಡುಕುತ್ತಿದ್ದೀಯ. ಮೊದಲು ಅಮ್ಮ ತಪ್ಪು ಮಾಡಿದಾಗ ಹೆದರದೆ ಫೋನ್ ಮಾಡುವ ಹಾಗೆ ನೀನಿರಬೇಕು. ಉಳಿದದ್ದೆಲ್ಲ ಆಮೇಲೆ.

ಈಗ ನಾವು ಮಾಡಿಕೊಂಡಿರುವ ವ್ಯವಸ್ಥೆ ಹೇಳುತ್ತೇನೆ.

ಮಾವನ ಮನೆ ಜಗಲಿಯಲ್ಲಿ ಕ್ಯಾಲೆಂಡರ್ ಪಕ್ಕ ಒಂದು ರಟ್ಟು ತೂಗುಹಾಕಿದ್ದೇನೆ. ದಪ್ಪ ಅಕ್ಷರದಲ್ಲಿ ನಾಲ್ಕು ನಂಬರ್. ನನ್ನದು, ಪೇಟೆಯ ಕಂಪ್ಯೂಟರ್ ಹುಡುಗನದು, ಪಾಸ್‌ಬುಕ್ಕಿನಿಂದ ಬರೆದುಕೊಂಡ ಬ್ಯಾಂಕಿನದು, 1930. ನಂಬರನ್ನು ಗೂಗಲ್‌ನಲ್ಲಿ ಹುಡುಕುವುದೇ ಬೇಡ. ರಟ್ಟಿನಲ್ಲಿ ಇರುವುದಕ್ಕೆ ಮಾತ್ರ ಫೋನ್. ಇನ್ನೊಂದು ಮಾತು, ಸಹಾಯ ಬೇಕಾದರೆ ನಾವೇ ಫೋನ್ ಮಾಡಬೇಕು. ತಾನಾಗಿ ಫೋನ್ ಮಾಡಿ "ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ" ಅನ್ನುವವನ ಜೊತೆ ಮಾತೇ ಬೇಡ. ಪರದೆ ತುಂಬ ಕೆಂಪಾಗಿ ಸೈರನ್ ಹೊಡೆದು ಈ ನಂಬರಿಗೆ ಕರೆ ಮಾಡಿ ಅಂತ ಬಂದರೂ ಅಷ್ಟೇ. ತನ್ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಅಂಥದ್ದು ಬಂದರೆ ಮಾವ ಪವರ್ ಬಟನ್ ಒತ್ತಿ ಹಿಡಿದು ಲ್ಯಾಪ್‌ಟಾಪ್ ಆಫ್ ಮಾಡುತ್ತಾರೆ, ಆಮೇಲೆ ನನಗೆ ಫೋನ್.

ನನ್ನ ದನಿಯಲ್ಲೇ ಯಾರಾದರೂ ಫೋನ್ ಮಾಡಿ ದುಡ್ಡು ಕೇಳಿದರೆ? ಅದಕ್ಕೂ ಒಂದು ಗುಟ್ಟಿನ ಮಾತು ಇಟ್ಟುಕೊಂಡಿದ್ದೇವೆ. ಅತ್ತೆ ಆರಿಸಿದ್ದು. ಹಿಂದೆ ಅವರ ಕೊಟ್ಟಿಗೆಯಲ್ಲಿದ್ದ ಒಂದು ಹಸುವಿಗೆ ಸಂಬಂಧಪಟ್ಟದ್ದು, ಇಲ್ಲಿ ಬರೆಯುವುದಿಲ್ಲ.

ದೂರದಿಂದ ಲ್ಯಾಪ್‌ಟಾಪ್ ನೋಡಲು ನಾನು ವಿಂಡೋಸ್ ಜೊತೆಗೇ ಬರುವ ಕ್ವಿಕ್ ಅಸಿಸ್ಟ್ ಬಳಸುತ್ತೇನೆ. ಕಂಟ್ರೋಲ್, ವಿಂಡೋಸ್, ಕ್ಯೂ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುತ್ತದೆ. ನನ್ನ ಕಡೆ ಒಂದು ಕೋಡ್ ಬರುತ್ತದೆ, ಸ್ವಲ್ಪ ಹೊತ್ತು ಮಾತ್ರ ನಡೆಯುತ್ತದೆ. ಅದನ್ನು ಫೋನಿನಲ್ಲಿ ಹೇಳುತ್ತೇನೆ, ಮಾವ ಒತ್ತುತ್ತಾರೆ. ಮೊದಲು ನನಗೆ ಪರದೆ ಕಾಣುತ್ತದೆ ಅಷ್ಟೇ. ಮೌಸ್ ನನ್ನ ಕೈಗೆ ಬರಬೇಕಾದರೆ ಅವರು ಇನ್ನೊಮ್ಮೆ ಒಪ್ಪಬೇಕು. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಕೂಡ ಚೆನ್ನಾಗಿದೆ. ಅದರಲ್ಲಿ ಕೋಡ್ ಬರುವುದು ಅವರ ಕಡೆ, ಒಂದು ಕೋಡ್ ಒಂದೇ ಸಲಕ್ಕೆ. ಅರ್ಧ ಗಂಟೆಗೊಮ್ಮೆ ಮುಂದುವರಿಸಲಾ ಅಂತ ಅವರನ್ನೇ ಕೇಳುತ್ತದೆ. ಇವೆಲ್ಲ ಒಳ್ಳೆಯ ಕೆಲಸಕ್ಕೆ ಮಾಡಿದ ಸಾಧನಗಳು. ಆದರೆ ಅದೇ ಕೋಡ್ ಕಳ್ಳನೂ ಹೇಳಬಹುದು ನೋಡು. ಪರದೆ ಹಂಚುವ ಆ್ಯಪ್ ಬಳಸಿ ಹಣ ಎಗರಿಸುತ್ತಾರೆ ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಹಾಗಾಗಿ ನಾನು ಸೇರುವ ಮೊದಲು ಬ್ಯಾಂಕಿನ ಪುಟ, ಮೇಲ್ ಎಲ್ಲ ಮುಚ್ಚಿ ಅಂತ ಮಾವನಿಗೆ ಹೇಳುತ್ತೇನೆ. ನಾನೇ ಆದರೂ ಸರಿ, ಅಭ್ಯಾಸ ತಪ್ಪಬಾರದು.

ಅವರು ಎದುರಿಗೆ ಇಲ್ಲದಿದ್ದರೂ ಯಾವಾಗ ಬೇಕಾದರೂ ಒಳಗೆ ಹೋಗುವ ಏರ್ಪಾಡೂ ಇದೆ. ನನಗೆ ಸುಲಭ ಆಗುತ್ತಿತ್ತು. ಆದರೂ ಬೇಡ ಅಂದುಕೊಂಡೆ. ಅವರ ಮನೆಗೆ ನಾವು ಬಾಗಿಲು ತಟ್ಟಿಯೇ ಹೋಗುತ್ತೇವೆ, ಅಲ್ವಾ?

ನೆಟ್ಟೇ ಇಲ್ಲದಾಗ ಇದ್ಯಾವುದೂ ನಡೆಯುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳೋಕಾಗಲ್ಲ. ಹತ್ತಿರದಲ್ಲಿ ಒಬ್ಬರು ಬೇಕೇ ಬೇಕು. ಪೇಟೆಯ ಹುಡುಗನನ್ನು ಆರಿಸಿದ್ದು ಹೀಗೆ. ಊರಿಗೆ ಹೋದಾಗ ಅಂಗಡಿಗೇ ಹೋಗಿ ಮಾತಾಡಿಸಿದೆ. ಅಲ್ಲೇ ಹುಟ್ಟಿ ಬೆಳೆದವನು, ಸೊಸೈಟಿಯ ಕಂಪ್ಯೂಟರ್ ಕೂಡ ಅವನೇ ನೋಡುತ್ತಾನೆ. ಮೊದಲು ಪ್ರಿಂಟರ್ ಸರಿ ಮಾಡುವ ಸಣ್ಣ ಕೆಲಸ ಕೊಟ್ಟೆ. ಮಾವ ಪಾಸ್‌ವರ್ಡ್ ಒತ್ತುವಾಗ ಹುಡುಗ ಎದ್ದು ಅಂಗಳಕ್ಕೆ ಹೋಗಿ ನಿಂತ. ನನಗೆ ಅಷ್ಟು ಸಾಕಾಯಿತು. ಒಂದು ಸಲ ಬಂದರೆ ಇಷ್ಟು ಅಂತ ಮೊದಲೇ ಮಾತಾಗಿದೆ. ಏನು ಮಾಡಿದ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಹೋಗುತ್ತಾನೆ, ಅತ್ತೆ ಫೋಟೋ ಕಳಿಸುತ್ತಾರೆ. ಮಳೆಯಲ್ಲಿ ಗುಡ್ಡದ ದಾರಿ ಹತ್ತಿ ಬರುವವನು, ಚೌಕಾಸಿ ಮಾಡಬೇಡಿ ಅಂತ ಮಾವನಿಗೆ ಹೇಳಿದ್ದೇನೆ. ಗುಡುಗು ಕೇಳಿದ ಕೂಡಲೇ ಮೋಡೆಮ್ಮಿನ ಪ್ಲಗ್ ಕೀಳಬೇಕು ಅಂತ ರೂಢಿ ಮಾಡಿಸಿದ್ದೂ ಅವನೇ.

ನಿನ್ನ ಅಮ್ಮನಿಗೆ ಇನ್ನೆರಡು ಕೆಲಸ ಬೇಗ ಆಗಬೇಕು. ಪಿಂಚಣಿ ಬರುವ ಖಾತೆಗೆ ಯುಪಿಐ ಜೋಡಿಸಿದ್ದರೆ ಬಿಡಿಸು. ಬೇರೆ ಖಾತೆಯಲ್ಲಿ ಸ್ವಲ್ಪ ದುಡ್ಡು ಇಟ್ಟು ಫೋನಿಗೆ ಅದನ್ನು ಮಾತ್ರ ಕೊಡು. ದುಡ್ಡು ಪಡೆಯಲು ಪಿನ್ ಒತ್ತಬೇಕಾಗಿಲ್ಲ ಅನ್ನುವುದನ್ನೂ ನಿಧಾನವಾಗಿ ಹೇಳು. ಎರಡನೆಯದು, ಅವರದ್ದು ಹಳೆಯ ಲ್ಯಾಪ್‌ಟಾಪ್ ಅಂದಿದ್ದೀಯ. ವಿಂಡೋಸ್ 10 ಆಗಿದ್ದರೆ ಅದರ ಮಾಮೂಲಿ ಬೆಂಬಲ (ಸುರಕ್ಷತಾ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ವಿಂಡೋಸ್ 11 ಹಾಕೋಕೆ ಆಗುತ್ತಾ ನೋಡಬೇಕು. ಪಿಂಚಣಿಗೆ ನವೆಂಬರಿನಲ್ಲಿ ಕೊಡುವ ಜೀವನ ಪ್ರಮಾಣ ಪತ್ರದ ಬಗ್ಗೆ ಚಿಂತೆ ಬೇಡ. ಅಂಚೆಯವರು ಮನೆಗೇ ಬಂದು ಮಾಡಿಕೊಡುತ್ತಾರೆ. ಅದಕ್ಕೆ ಲಿಂಕ್ ಕಳಿಸುತ್ತೇವೆ ಅಂತ ಯಾರಾದರೂ ಫೋನ್ ಮಾಡಿದರೆ ಮಾತ್ರ ಒತ್ತಬಾರದು.

ಮಾವ ಈಗ ಚೆನ್ನಾಗಿದ್ದಾರೆ. ಕಳೆದ ವಾರ ಕೊರಿಯರ್ ಹೆಸರಿನಲ್ಲಿ ಒಂದು ಮೆಸೇಜ್ ಬಂತಂತೆ. ಮುಟ್ಟದೆ ನನಗೆ ಫೋನ್ ಮಾಡಿ, "ಇದು ಸುಳ್ಳಲ್ವನೋ?" ಅಂದರು. ಹೌದು ಮಾವ ಅಂದೆ. ಸುಮ್ನೆ ಇನ್ನೂ ಹತ್ತು ನಿಮಿಷ ತೋಟದ ವಿಷಯ ಮಾತಾಡಿದೆವು.

ಮುಂದಿನ ತಿಂಗಳು ನಾನು ಊರಿಗೆ ಹೋಗುತ್ತೇನೆ. ಒಂದು ದಿನ ಆನಂದಪುರದ ಮೇಲೆ ಸಾಗರಕ್ಕೆ ಹೋಗಿ ಅಮ್ಮನ ಲ್ಯಾಪ್‌ಟಾಪ್ ನೋಡಿ, ಅವರಿಗೂ ಒಂದು ರಟ್ಟು ಬರೆದುಕೊಟ್ಟು ಬರುತ್ತೇನೆ. ಆದರೆ ನಾನು ಬರುವ ವಿಷಯ ನೀನೇ ಫೋನ್ ಮಾಡಿ ಅವರಿಗೆ ಹೇಳು. ನನ್ನ ಫೋನ್ ಮೊದಲು ಬಂದರೆ ಅವರು ನಂಬುವುದು ಬೇಡ.

ನಿನ್ನ ಗೆಳೆಯ